ಕಂಪ್ಯೂಟರಿಗೆ ಹೊದಿಸಿದ ಒದ್ದೆ ಗೋಣಿ

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಸುಗಟೂರಿನ ಮನೆಯಲ್ಲಿ ರೇಷ್ಮೆ ಹುಳು ಸಾಕಲು ನಿಂತವನು. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಕೋಲಾರದಲ್ಲಿ ಬೆಳೆಗಾರರ ಸಂಘವೊಂದರ ಕಚೇರಿಗೆ ಟೆಂಪರರಿಯಾಗಿ ಸೇರಿದ್ದಳು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಬೆಂಗಳೂರಿನ ಯಾವುದೋ ಆಫೀಸಿನವರು ಬಳಸಿ ಬಿಟ್ಟ ಹಳೇ ಕಂಪ್ಯೂಟರೊಂದು ಅಲ್ಲಿಗೆ ಬಂತು. ಅದನ್ನು ನಡೆಸಲು ಕಲಿತವಳು ಅಕ್ಕ ಒಬ್ಬಳೇ. ಸೋಮವಾರ ಅಧ್ಯಕ್ಷರೆದುರು ಅದರಿಂದ ರೈತರ ಬಿಲ್ಲು ತೆಗೆದು ತೋರಿಸಿದರೆ ಅಕ್ಕನ ಕೆಲಸ ಖಾಯಂ. ಇಲ್ಲವಾದರೆ ಅಧ್ಯಕ್ಷರ ಬಾಮೈದ ತಯಾರಾಗಿದ್ದ. ಆಗಲೇ ಒಮ್ಮೆ ಬಂದು ಅವಳ ಕುರ್ಚಿಯಲ್ಲಿ ಕೂತು ನೋಡಿಕೊಂಡೂ ಹೋಗಿದ್ದ.

ಭಾನುವಾರ ಪಕ್ಕದ ರೂಮಿಗೆ ಸುಣ್ಣ ಹೊಡೆಯುವವರು ಬರುವವರಿದ್ದರು. ಅಕ್ಕನಿಗೆ ಮುಳಬಾಗಿಲಲ್ಲಿ ಗೆಳತಿಯ ಮದುವೆ. ಬೀಗದ ಕೈ ನನಗೆ ಕೊಟ್ಟಳು.

“ಲೋ, ಚಪ್ಪಲಿ ಹೊರಗೆ ಬಿಡು. ಧೂಳು ಬೀಳಬಾರ್ದು, ಬೀಡಿ ಹೊಗೆ ಆಗ್ಬಾರ್ದು. ರೂಮು ತಂಪಾಗಿರ್ಬೇಕು. ಭಾಳ ನಾಜೂಕು ಕಣೋ ಅದು.”

“ಇಷ್ಟೇ ತಾನೆ? ನನಗೆ ಹೇಳ್ಕೊಡ್ಬೇಕಾ?” ಎಂದೆ.

ಅವಳು ಹೇಳಿದ್ದೆಲ್ಲ ನಮ್ಮ ಹುಳದ ಮನೆಯ ಕಟ್ಟುಪಾಡೇ ಆಗಿತ್ತು. ಬೇಸಿಗೆಯಲ್ಲಿ ಮರಿಹುಳು ಬಾಡದಂತೆ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತೇವೆ. ಸೊಪ್ಪಿನ ಮೇಲೂ ಒಂದು ಹೊದಿಸುತ್ತೇವೆ. ಹಾಗೇ ಮಾಡಿದೆ. ಮನೆಯಿಂದ ತಂದ ಗೋಣಿಗಳನ್ನು ಚೆನ್ನಾಗಿ ನೆನೆಸಿ, ಒಂದನ್ನು ಕಿಟಕಿಗೆ ಕಟ್ಟಿ, ಇನ್ನೊಂದನ್ನು ಕಂಪ್ಯೂಟರಿಗೆ ಮಗುವಿಗೆ ಹೊದಿಸಿದಂತೆ ಹೊದಿಸಿ ಬೀಗ ಹಾಕಿದೆ.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಗೋಣಿಗಳನ್ನು ತೆಗೆದೆ. ಸೊಪ್ಪು ಹಾಕುವ ಮುಂಚೆ ಹುಳುವಿಗೆ ಗಾಳಿ ಆಡಬೇಕಲ್ಲ.

ಅಕ್ಕ ಬಂದು ಸ್ವಿಚ್ ಒತ್ತಿದಳು. ಏನೂ ಇಲ್ಲ. ಪ್ಲಗ್ ಕಿತ್ತು ಹಾಕಿದಳು, ಫ್ಯೂಸ್ ನೋಡಿದಳು, ವೈರುಗಳನ್ನು ಒಂದೊಂದಾಗಿ ಒತ್ತಿದಳು, ಫ್ಲಾಪಿ ತೆಗೆದು ಮತ್ತೆ ತೂರಿಸಿದಳು. ಒಮ್ಮೆ ಕೀಂ ಎಂದು ಸುಮ್ಮನಾಯಿತು. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ಮಲಗುತ್ತದೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಮುಟ್ಟದೆ ಬಿಟ್ಟರೆ ತಾನೇ ಏಳುತ್ತದೆ. ಇದೂ ಎದ್ದೀತು ಎಂದು ಬಾಗಿಲಲ್ಲಿ ನಿಂತಿದ್ದೆ.

ತೆಲುಗು ಗಡಿಯ ರಾಯಲ್ಪಾಡಿನ ಕಡೆಯ ಅಟೆಂಡರ್ ಇಣುಕಿ, “ಏಮೈಂದಮ್ಮಾ, ಏನಾಯ್ತು? ದಿಷ್ಟಿ ತಗಲೈತೆ, ಒಂದು ನಿಂಬೆಹಣ್ಣು ಇಳೆ ತೆಗೀಲಾ?” ಎಂದ.

“ಮೊದಲು ಟಾರ್ಚು ತಾ,” ಎಂದಳು ಅಕ್ಕ.

ಅಷ್ಟರಲ್ಲಿ ಅಧ್ಯಕ್ಷರೂ ಬಾಮೈದನೂ ಬಂದರು. ಬಾಮೈದ ಪೆಟ್ಟಿಗೆಯ ಪಕ್ಕೆಗೆ ಎರಡು ಬಿಗಿದ. “ನಮ್ಮನೆ ರೇಡಿಯೋ ಹಿಂಗೇ ಎದ್ದೇಳೋದು.”

“ಇದು ನಿಮ್ಮನೆ ರೇಡಿಯೋ ಅಲ್ಲ, ಕೈ ತೆಗೀರಿ,” ಎಂದು ಅಕ್ಕ ತಿರುಪು ಬಿಚ್ಚಿ ಮುಚ್ಚಳ ಎತ್ತಿದಳು. ಒಳಗೆಲ್ಲ ನೀರಿನ ಹನಿ. ಒಂದು ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಚೂರು ಅಂಟಿಕೊಂಡಿತ್ತು.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಪಕ್ಕದ ರೂಮಿನ ಗೋಡೆಯ ಹೊಸ ಸುಣ್ಣ ನೋಡಿದೆ.

“ನೀರು ಹೆಂಗಮ್ಮಾ ಬಂತು?” ಎಂದರು ಅಧ್ಯಕ್ಷರು.

ಅಕ್ಕ ಸ್ವಲ್ಪ ಹೊತ್ತು ಕಾದಳು. ಕಾದದ್ದು ನನಗಾಗಿ ಎಂದು ನನಗೆ ಗೊತ್ತಿತ್ತು. ನಾನು ಗೋಡೆಯಿಂದ ಕಣ್ಣು ಕೀಳಲಿಲ್ಲ.

“ನಾನೇ ಸರ್, ಒದ್ದೆ ಬಟ್ಟೇಲಿ ಒರೆಸಿದ್ದೆ,” ಎಂದಳು.

“ಹೆಣ್ಮಕ್ಕಳ ಕೈಗೆ ಕೊಟ್ರೆ ಹಿಂಗೇ, ಪಾತ್ರೆ ತೊಳೆದಂಗೆ ತೊಳೀತಾರೆ,” ಎಂದ ಬಾಮೈದ. ಎಲ್ಲರೂ ನಕ್ಕರು. ನಾಚಿಕೆಗೇಡು, ಗಾಬರಿಯಲ್ಲಿ ನಾನೂ ನಕ್ಕೆ.

ಅಕ್ಕ ಅದನ್ನು ಬಿಚ್ಚಿಟ್ಟು ಬಿಸಿಲಿಗೆ ಒಣಗಿಸಿದಳು. ಆ ವಾರವೇ ಅದು ಮೊದಲಿನ ಹಾಗೆ ಎದ್ದು ಕೂತಿತು. ಆದರೆ ಅದರ ಮುಂದಿನ ಕುರ್ಚಿಯಲ್ಲಿ ಆಗಲೇ ಬಾಮೈದ ಕೂತಿದ್ದ, ಅಕ್ಕ ಟೆಂಪರರಿಯಾಗಿಯೇ ಉಳಿದಳು. ಫ್ಲಾಪಿಯ ಯಾವ ಮುಖ ಮೇಲೆ ಎಂಬುದು ಅವನ ತಲೆಗೆ ಕೊನೆಗೂ ಹತ್ತಲಿಲ್ಲ. ದಿನಾ ಬೆಳಿಗ್ಗೆ, “ಸ್ವಲ್ಪ ಬಾಮ್ಮಾ,” ಎಂದು ಕರೆಯುತ್ತಿದ್ದ. ಅಕ್ಕ ಎದ್ದುಹೋಗಿ ಶುರು ಮಾಡಿಕೊಟ್ಟು, ತನ್ನ ಟೈಪ್‌ರೈಟರಿಗೆ ವಾಪಸಾಗುತ್ತಿದ್ದಳು.

ಒಂದು ದಿನ ಬಸ್ಸಿನಲ್ಲಿ, “ಅಕ್ಕಾ, ಆ ಗೋಣಿ…” ಎಂದು ತೆಗೆದೆ.

“ನನಗೆ ಗೊತ್ತಿರೋದನ್ನ ನನಗ್ಯಾಕೋ ಹೇಳ್ತೀಯ? ಗೊತ್ತಿಲ್ಲದೋರಿಗೆ ಹೇಳು.”

ರೇಷ್ಮೆ ಗೂಡು ಮಾರಲು ಕೋಲಾರಕ್ಕೆ ಹೋದಾಗಲೆಲ್ಲ ಆ ಕಚೇರಿಯ ಮುಂದೆಯೇ ಹಾಯುತ್ತಿದ್ದೆ. ಅಧ್ಯಕ್ಷರ ರೂಮಿನ ಬಾಗಿಲು ರಸ್ತೆಗೇ ಕಾಣುತ್ತಿತ್ತು, ಹೆಚ್ಚಾಗಿ ತೆರೆದೇ ಇರುತ್ತಿತ್ತು. ನಾನು ಮುಖ ಕಾಣದಂತೆ ತಲೆಯ ಮೇಲಿನ ಮೂಟೆಯನ್ನು ಆ ಕಡೆಗೆ ಇನ್ನಷ್ಟು ಇಳಿಬಿಟ್ಟುಕೊಂಡು ದಾಟಿಬಿಡುತ್ತಿದ್ದೆ.