ಹೊಸಿಲಾಚೆಯ ಗೆರೆ

ಜಗಳೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವ ತಿಪ್ಪೇಶಪ್ಪ ಮೇಷ್ಟ್ರ ಎದುರು ಎಲ್‌ಇಡಿ ಬಲ್ಬಿನ ಮಾತೆತ್ತಿದವರು ಬೇಗ ಮನೆ ಸೇರಿದ್ದಿಲ್ಲ. “ಬೆಳಕು ಬಲ್ಬಿನ ಚಿಪ್ ಒಳಗೆ ಹುಟ್ತೈತೆ ಕಣ್ರೀ, ಹೊರಗೆ ಬರಾಕೆ ದಾರಿ ಸಿಗದೆ ಬಹುಪಾಲು ಅಲ್ಲೇ ಸಾಯ್ತೈತೆ. ಆಚೆ ಒಂದು ಕನ್ನಡಿ, ಈಚೆ ಒಂದಿಷ್ಟು ಬೆಳಕು ಬಿಡೋ ಕನ್ನಡಿ ಇಟ್ಟು, ನಡುವಿನ ಅಂತರ ಸರಿಯಾಗಿ ಹೊಂದಿಸಿದ್ರೆ ನೆಟ್ಟಗೆ ಹೊರಗೆ ಬರ್ತೈತೆ. ಕೂದಲೆಳೆಯ ನೂರನೇ ಪಾಲು ತಪ್ಪಿದ್ರೂ ಮಂಕು!” ಎದುರುಬದುರು ಕನ್ನಡಿಗಳಿರುವ ಕ್ಷೌರದಂಗಡಿಯಲ್ಲಂತೂ ಅರ್ಧ ಗಡ್ಡಕ್ಕೇ ಎದ್ದು ನಿಂತು ವಿವರಿಸುತ್ತಾರೆ; “ಸಾರ್, ಇನ್ನೊಂದು ಕೆನ್ನೆ ಐತೆ” ಎಂದು ಕತ್ತಿ ಹಿಡಿದವನು ಕಾಯುತ್ತಾನೆ. ತರಗತಿಯಲ್ಲೂ ಅದೇ ಅಂತರದ ಹುಚ್ಚು. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾರೆ. ಉತ್ತರ ಬಂದಾಗ ತಾವು ನಿಂತಿದ್ದ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಆ ವಿದ್ಯಾರ್ಥಿಯ ಹೆಸರು ಬರೆಯುತ್ತಾರೆ. “ತೀರಾ ಹತ್ರ ನಿಂತ್ರೆ ಹೆದರ್ತಾರೆ, ತೀರಾ ದೂರ ನಿಂತ್ರೆ ಮಾತು ಒಳಗೇ ಉಳೀತೈತೆ.” ಕಸ ಗುಡಿಸುವ ಹನುಮಂತಮ್ಮ, “ಕುಂಟೆಬಿಲ್ಲೆ ಆಡಾಕೆ ಗೆರೆ ಹಾಕೀರೇನ್ರೀ ಸಾರ್?” ಎಂದು ಗೊಣಗುತ್ತಲೇ ಸಂಜೆಗೆ ಎಲ್ಲವನ್ನೂ ಒರೆಸಿಹಾಕುತ್ತಾರೆ, ಮೇಷ್ಟ್ರು ಬೆಳಿಗ್ಗೆ ಮತ್ತೆ ಎಳೆಯುತ್ತಾರೆ. ಒಂದು ಗೆರೆ ಮಾತ್ರ ಬಾಗಿಲಾಚೆ, ವರಾಂಡದ ಬಿಸಿಲಿನಲ್ಲಿದೆ. ಮಾತು ಉಗ್ಗುತ್ತದೆಂದು ವರ್ಷವಿಡೀ ತುಟಿ ಬಿಚ್ಚದ ಅಂಬಿಕಾಳಿಗಾಗಿ ಮೇಷ್ಟ್ರು ಸರಿಯುತ್ತ ಸರಿಯುತ್ತ ಹೊಸಿಲು ದಾಟಿ, ಬೆನ್ನು ತಿರುಗಿಸಿ ನಿಂತಾಗ ಅವಳ ಮೊದಲ ಉತ್ತರ ಕೇಳಿಸಿದ ಜಾಗವದು. ಆ ಗೆರೆ ಮಾಸಿದರೆ ಹನುಮಂತಮ್ಮನೇ ಸೀಮೆಸುಣ್ಣ ತಂದು ಎಳೆದಿಡುತ್ತಾರೆ.