ಉಸಿರು ತೆಗೆದ ಹಾಡುಗಳು

ನನ್ನ ತಂಗಿಯ ಹಾಡುಗಳನ್ನು ಅವಳ ಗಂಡ ಹಾಳು ಮಾಡಿದ. ಪ್ರೀತಿಯಿಂದಲೇ ಮಾಡಿದ ಅನ್ನುತ್ತಾರೆ ಎಲ್ಲರೂ. ಅದಕ್ಕೇ ನನಗೆ ಇನ್ನೂ ಹೆಚ್ಚು ಹೇಸಿಗೆ.

ತಂಗಿಗೆ ಬೀದಿಯವರು ಇಟ್ಟ ಹೆಸರು ರೇಡಿಯೊ. ಇಸ್ತ್ರಿ ಅಂಗಡಿಯಲ್ಲಿ ಬೆಳಗಿನಿಂದ ನಿಂತೇ ಕೆಲಸ, ಆದರೆ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಹಾಡುಗಳನ್ನು ಕಟ್ಟಿದವಳೂ ಅವಳೇ. ‘ಮಡಿಸಿಟ್ಟ ಅಂಗಿಗೂ ಮೈಯ ನೆನಪು’ ಅಂತ ಒಂದಿತ್ತು, ಅದನ್ನು ಕೇಳಿದಾಗೆಲ್ಲ ನನಗೆ ನಮ್ಮಪ್ಪನ ಅಂಗಿ ಕಣ್ಣೆದುರು ಬರುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಎತ್ತುವಾಗ ಎದೆ ತುಂಬ ಉಸಿರು ಎಳೆದುಕೊಳ್ಳುವಳು. ಬಟ್ಟೆಯ ಮೇಲೆ ಒತ್ತಿ ದೂಡುವಾಗ ಸಾಲು ಹೊರಡುವುದು. ಎದುರಿನ ಚಪ್ಪಲಿ ರಿಪೇರಿಯವನಿಗೆ ಆ ಉಸಿರು ಕೇಳಿಸಿದರೆ ಸಾಕು, ದಬ್ಬಳ ಕೆಳಗಿಟ್ಟು ಕಿವಿಗೊಡುತ್ತಿದ್ದ.

ಆಮೇಲೆ ಅವಳ ಕತ್ತಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೊಯ್ದು ತೆಗೆಯಲೇಬೇಕು, ದನಿ ಮೊದಲಿನ ಹಾಗೆ ಉಳಿಯುತ್ತದೆ ಅಂತ ಮಾತು ಕೊಡಲಾರೆ ಅಂದರು ಡಾಕ್ಟರು. ತಂಗಿ ಅಳಲಿಲ್ಲ.

“ಅಷ್ಟರೊಳಗೆ ಹಾಡುಗಳನ್ನ ಎಲ್ಲಾದ್ರೂ ಹಿಡಿದಿಡ್ಬೇಕಲ್ಲ ಅಕ್ಕಾ,” ಅಂದಳು.

ಸ್ಟುಡಿಯೊದವರ ಬಾಡಿಗೆ ನಮ್ಮ ಕೈಗೆಟುಕದೆ ವಾಪಸ್ ಬಂದೆವು. “ಮನೇಲೇ ಮಾಡೋಣ ಬಿಡಿ. ನಾನಿಲ್ವಾ?” ಅಂದ ಅವಳ ಗಂಡ. ಅವನು ವೆಲ್ಡಿಂಗ್ ಮಾಡುವವನು. ಗೇಟು, ಕಿಟಕಿ ಬೆಸೆದು, ಬೆಸುಗೆಯ ಗಂಟು ಕಾಣದಂತೆ ಗ್ರೈಂಡರ್ ಹಿಡಿದು ಉಜ್ಜುತ್ತಾನೆ. ಗಿರಾಕಿ ಬೆರಳಾಡಿಸಿ “ಜಾಯಿಂಟ್ ಎಲ್ರೀ?” ಅಂತ ಕೇಳಿದರೆ ಅವತ್ತು ಅವನಿಗೆ ಊಟವೇ ಬೇಡ. ಆ ಕೈಗೆ ಒಂದು ಹಳೇ ಕಂಪ್ಯೂಟರ್ ಸಿಕ್ಕಿತು.

ಮಲಗುವ ಕೋಣೆಯನ್ನು ಅವನು ಮಾಡಿದ ಗತಿ ನೋಡಬೇಕಿತ್ತು. ದನಿ ಮಾರ್ದನಿಸದಿರಲಿ ಅಂತ ಗೋಡೆ ತುಂಬ ಮೊಟ್ಟೆಯ ಟ್ರೇಗಳು. ಅಂಗಡಿಯವರು ಬಿಸಾಡಿದ್ದವು, ಒಡೆದ ಮೊಟ್ಟೆಯ ಲೋಳೆ ಒಣಗಿ ಅಂಟಿದ್ದವು. ಕಿಟಕಿಗೆ ಹಾಸಿಗೆ ಒರಗಿಸಿದ್ದ. ಸದ್ದಾಗುತ್ತದೆ ಅಂತ ಫ್ಯಾನ್ ಬಂದ್. ಬಾಯಿಯ ಗಾಳಿ ನೇರ ಬಡಿಯದಿರಲಿ ಅಂತ ಮೈಕಿನ ಮುಂದೆ ತಂತಿಯ ಬಳೆ, ಅದಕ್ಕೆ ಬಿಗಿದದ್ದು ಅವನದೇ ಕಾಲುಚೀಲ.

“ಥೂ! ಇದರೆದುರು ಬಾಯಿ ತೆರೀಬೇಕಾ ಅವಳು?” ಅಂದೆ.

“ಒಗೆದಿದ್ದೀನಿ ಅಕ್ಕಾ.”

ಒಗೆದಿರಲಿಲ್ಲ. ನನಗೂ ಮೂಗಿದೆ.

ಮೊದಲನೇ ಹಾಡಿನ ನಡುವೆ ಟ್ರೇಯೊಳಗಿಂದ ಜಿರಲೆ ಇಳಿದು ತಂಗಿಯ ಭುಜದ ಮೇಲೆ ಹರಿಯಿತು. ಅವಳು ಹಾಡು ನಿಲ್ಲಿಸಲಿಲ್ಲ, ಭುಜ ಕೊಡವಿ ಮುಂದಿನ ಸಾಲು ಎತ್ತಿಕೊಂಡಳು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದೆ. ಬಾಗಿಲಾಚೆ ನಿಂತರೂ ಅವಳ ಉಸಿರು ಕೇಳುತ್ತಿತ್ತು, ಆಮೇಲೆ ದನಿ. ಅಷ್ಟು ಹೊತ್ತು ಮಾತ್ರ ನಾನು ಅವನನ್ನು ಕ್ಷಮಿಸಿದ್ದೆ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಕೊನೆಯ ಹಾಡೂ ಮುಗಿಯಿತು.

ಗಡ್ಡೆ ಹೋಯಿತು. ದನಿಯೂ ಹೋಯಿತು. ಉಳಿದದ್ದು ಗೊರಗೊರ ಪಿಸುಮಾತು. ಹಾಲು ಬೇಕು, ನೀರು ಬೇಕು ಅನ್ನುವಷ್ಟಕ್ಕೆ ಸಾಕು, ಹಾಡಿಗಲ್ಲ.

ಅವಳು ಮನೆಗೆ ಬಂದ ವಾರಕ್ಕೆ ಅವನು ಅಕ್ಕಪಕ್ಕದವರನ್ನೆಲ್ಲ ಕೂರಿಸಿ ಆಲ್ಬಮ್ ಹಾಕಿದ. ಹಾಡು ಶುರುವಾಯಿತು. ದನಿ ಅವಳದೇ. ಆದರೆ ಸಾಲಿನ ಹಿಂದೆ ಸಾಲು, ಸಾಲಿನ ಹಿಂದೆ ಸಾಲು, ನಡುವೆ ಏನೂ ಇಲ್ಲ. ಕೇಳುತ್ತಾ ಕೇಳುತ್ತಾ ನನಗೇ ಉಸಿರು ಕಟ್ಟಿತು.

“ಒಂದೇ ಒಂದು ಉಸಿರು ಸಿಗಲ್ಲ ನೋಡಿ!” ಅಂದ ಅವನು. “ಎಲ್ಲಾ ಕತ್ತರಿಸಿ ಕೂಡಿಸಿದ್ದೀನಿ. ಜಾಯಿಂಟ್ ಎಲ್ಲಿದೆ ಹೇಳಿ ನೋಡೋಣ!”

ನೆರೆಯವರು ತಲೆದೂಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ, ಇವರಿಗೇನಾಗಿತ್ತು?

“ಮೊದಲು ಹಾಡಿದ್ದು ಎಲ್ಲಪ್ಪಾ? ಉಸಿರು ಇದ್ದದ್ದು?” ಅಂದೆ.

“ಅಳಿಸ್ಬಿಟ್ಟೆ ಅಕ್ಕಾ. ಈ ಡಬ್ಬಾ ಕಂಪ್ಯೂಟರಲ್ಲಿ ಎರಡೆರಡು ಇಡೋಕೆ ಜಾಗ ಎಲ್ಲಿ?”

ಕೈಗೆ ಸಿಕ್ಕಿದ್ದನ್ನು ಎತ್ತಿ ಅವನ ತಲೆಗೆ ಹಾಕಬೇಕು ಅನ್ನಿಸಿತು. ತಂಗಿ ಕತ್ತಿನ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. “ಚೆನ್ನಾಗಿದೆ ರೀ,” ಅಂದಳು, ಅದೇ ಗೊರಗೊರದಲ್ಲಿ. ಅವತ್ತು ಅವಳ ಮೇಲೂ ನನಗೆ ಅಸಹ್ಯವಾಯಿತು.

ಗಾಯ ಮಾಗಿದ ಮೇಲೆ ಅವಳು ಮತ್ತೆ ಅಂಗಡಿಗೆ ಹೋದಳು. ಗಂಡ ಅಲ್ಲೊಂದು ಸ್ಪೀಕರ್ ತಂದಿಟ್ಟು ಆಲ್ಬಮ್ ಹಚ್ಚಿದ. ನಾನು ಒಗೆದ ಬಟ್ಟೆ ಕೊಡಲು ಹೋಗಿದ್ದವಳು ಹಾಗೇ ಕೂತೆ. ತಂಗಿ ಪೆಟ್ಟಿಗೆ ಎತ್ತಿದಳು, ಎದೆ ತುಂಬ ಉಸಿರು ಎಳೆದಳು, ಅಂಗಿಯ ಮೇಲೆ ಒತ್ತಿ ದೂಡಿದಳು. ಸಾಲು ಸ್ಪೀಕರಿನಿಂದ ಬಂತು. ಮುಂದಿನ ಸಾಲಿಗೂ ಹಾಗೇ, ಅದರ ಮುಂದಿನದಕ್ಕೂ. ಅವನು ಕತ್ತರಿಸಿ ಎಸೆದ ಒಂದೊಂದು ಉಸಿರನ್ನೂ ಅವಳು ಅದರದರ ಜಾಗಕ್ಕೆ ಮರಳಿ ಇಡುತ್ತಿದ್ದಳು. ಹಾಡು ನಿಲ್ಲದೆ ಓಡುತ್ತಿತ್ತು, ಅವಳು ಏದುತ್ತಾ ಹಿಂದೆ ಬೀಳುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು. ಎದುರಿನವನು ದಬ್ಬಳ ಕೆಳಗಿಟ್ಟ.

ಆಗ ಅವಳ ಗಂಡ ಸ್ಪೀಕರಿನ ಹತ್ತಿರಕ್ಕೆ ಕಿವಿ ತಂದು, ತುಂಬ ಅಕ್ಕರೆಯಿಂದಲೇ ಹೇಳಿದ:

“ಸ್ವಲ್ಪ ಮೆಲ್ಲಗೆ ಉಸಿರಾಡೇ, ಹಾಡು ಕೇಳಿಸ್ತಿಲ್ಲ.”

ನಾನು ಎದ್ದು ಹೋಗಿ ಸ್ಪೀಕರಿನ ಸ್ವಿಚ್ ಆರಿಸಿದೆ. ತಂಗಿ ನಿಲ್ಲಿಸಲಿಲ್ಲ. ಪೆಟ್ಟಿಗೆ ಎತ್ತುತ್ತಿದ್ದಳು, ಉಸಿರು ಎಳೆಯುತ್ತಿದ್ದಳು, ಒತ್ತುತ್ತಿದ್ದಳು, ಮತ್ತೆ ಎತ್ತುತ್ತಿದ್ದಳು.