ತಾನಾಗೇ ಬಿದ್ದವ

ನಾನು ಜಿಯು-ಜಿತ್ಸುವಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ದಿನ ನನ್ನ ಅಪ್ಪ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ಅಪ್ಪ ಯಾರು ಎಂದು ಗೊತ್ತಾದರೆ ನಗು ನಿಲ್ಲಿಸುತ್ತಾರೆ.

ಅಪ್ಪ ಬಾಗಲಕೋಟೆ ಕಡೆಯ ಪೈಲ್ವಾನ. ಮುಂಬೈಗೆ ಬಂದ ಮೇಲೆ ಮೊದಲು ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟ್ ಹೊತ್ತ, ಆಮೇಲೆ ಬೊರಿವಲಿಯ ಒಂದು ಸೊಸೈಟಿಯಲ್ಲಿ ವಾಚ್‌ಮನ್ ಆದ. ನಾವು ಇದ್ದದ್ದು ದಹಿಸರ್‌ನ ಚಾಳಿನಲ್ಲಿ. ಡ್ಯೂಟಿ ಯಾವ ಹೊತ್ತಿಗೆ ಮುಗಿದರೂ ಚಾಳಿನ ನಲ್ಲಿಯ ಪಕ್ಕದ ಕಟ್ಟೆ ಹಿಡಿದು ದಂಡ ಹೊಡೆಯದೆ ಅವನು ಸ್ನಾನ ಮಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ದೇವರ ಫೋಟೊಗಳ ಸಾಲಿನಲ್ಲೇ ಅಪ್ಪ ಗದೆ ಹಿಡಿದು ನಿಂತ ಒಂದು ಫೋಟೊ ಇತ್ತು. ಅವ್ವ ದಿನಾ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದಳು.

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿತೆಂದರೆ ಮುಗಿಯಿತು, ಸೋತ ಹಾಗೆ. ನಾನು ಕಲಿತ ಆಟದಲ್ಲಿ ಬೆನ್ನ ಮೇಲೆ ಮಲಗಿದ ಮೇಲೆಯೇ ಆಟ ಶುರು. ಅಪ್ಪನ ಸೊಸೈಟಿಯ ಎದುರಿಗಿದ್ದ ಜಿಮ್‌ನಲ್ಲಿ ನಾನು ಮ್ಯಾಟ್ ಒರೆಸುವ, ಬಾಗಿಲು ತೆರೆಯುವ ಕೆಲಸಕ್ಕೆ ಸೇರಿದ್ದೆ. ಅಲ್ಲಿನ ಕೋಚ್ ಒಂದು ಸಂಜೆ ಜೋಡಿ ಕಡಿಮೆ ಬಿತ್ತೆಂದು ನನ್ನನ್ನು ಮ್ಯಾಟ್ ಮೇಲೆ ಕರೆದ. ನಾನು ಸಣಕಲ. ಕೆಳಗೆ ಬಿದ್ದವನೂ ಕಾಲುಗಳಿಂದ ಕತ್ತು ಅಮುಕಿ ಗೆಲ್ಲಬಹುದು ಎಂದು ಗೊತ್ತಾದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನಂಥವರಿಗಾಗಿಯೇ ಯಾರೋ ಈ ಆಟ ಕಂಡುಹಿಡಿದಿದ್ದಾರೆ ಅನ್ನಿಸಿತು.

ಅಪ್ಪನಿಗೆ "ಕುಸ್ತಿ ಇದ್ದಂಗ" ಎಂದಷ್ಟೇ ಹೇಳಿದ್ದೆ. ಅವನು ಅಷ್ಟಕ್ಕೇ ಹಿಗ್ಗಿದ್ದ. ಅದಕ್ಕೇ ಫೈನಲ್‌ ನೋಡಲು ತನ್ನ ಕಾಲದ ಇಬ್ಬರು ಪೈಲ್ವಾನರನ್ನೂ ಕರೆತಂದ. ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಪಂದ್ಯ ಶುರುವಾಯಿತು. ನಾನು ಎದುರಾಳಿಯ ತೋಳು ಹಿಡಿದೆ, ಕಲಿತ ಹಾಗೆ ನಾನೇ ಕೆಳಗೆ ಕೂತೆ, ಬೆನ್ನು ಮ್ಯಾಟಿಗೆ ಹಚ್ಚಿದೆ.

"ಏ, ಇದೇನೋ ಪೈಲ್ವಾನ, ನಿನ್ನ ಮಗ ತಾನಾಗೇ ಬಿದ್ದ!" ಎಂದು ಅವರಲ್ಲೊಬ್ಬ ಗಟ್ಟಿಯಾಗಿ ಹೇಳಿದ್ದು ಕೆಳಗಿದ್ದ ನನಗೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಎದುರಾಳಿಯ ಕತ್ತು ನನ್ನ ಕಾಲುಗಳ ನಡುವೆ ಸಿಕ್ಕಿತು. ಅವನು ನನ್ನ ತೊಡೆಯ ಮೇಲೆ ಪಟಪಟ ಕೈ ಬಡಿದ. ಈ ಆಟದಲ್ಲಿ ಇನ್ನು ತಾಳಲಾರೆ ಎಂದಾಗ ಹೀಗೆ ಕೈ ಬಡಿಯಬೇಕು. ಬಡಿದ ಕೂಡಲೇ ಬಿಟ್ಟುಬಿಡಬೇಕು. ನಾನು ಬಿಟ್ಟೆ, ಎದ್ದೆ, ರೆಫರಿ ನನ್ನ ಕೈ ಎತ್ತಿದ. ನಾನು ಅಪ್ಪನ ಕಡೆ ನೋಡಿದೆ. ಗೆಳೆಯರಲ್ಲೊಬ್ಬ ಅವನ ಬೆನ್ನು ತಟ್ಟುತ್ತ ನಗುತ್ತಿದ್ದ. "ಜಟ್ಟಿ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂದಂಗಾತು ನೋಡಪಾ!"

ವಿರಾರ್ ಲೋಕಲ್‌ನಲ್ಲಿ ನಿಂತು ಬರುವಾಗ ಪದಕ ನನ್ನ ಕೊರಳಲ್ಲಿತ್ತು. ಅಪ್ಪ ಬಾಗಿ ಮೆಲ್ಲಗೆ ಹೇಳಿದ: "ಅದನ್ನ ಅಂಗಿ ಒಳಗ ಹಾಕ್ಕೋ."

"ಯಾಕಪ್ಪಾ?"

"ಮಂದಿ ಕೇಳ್ತಾರ, ಹೆಂಗ ಗೆದ್ದಿ ಅಂತ. ಏನಂತ ಹೇಳ್ಲಿ?"

ಒಳಗೆ ಹಾಕಿಕೊಂಡೆ. ಅದು ಎದೆಗೆ ತಣ್ಣಗೆ ತಾಗಿತು. ಗೆದ್ದದ್ದಕ್ಕೆ ನಾಚಿಕೆಪಟ್ಟುಕೊಳ್ಳುವುದು ಹೇಗೆಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ.

ನಾನು ಎಂಎಂಎಗೆ ಹೋದದ್ದು ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಜಿಯು-ಜಿತ್ಸುವಿಗೆ ಪ್ರೇಕ್ಷಕರಿಲ್ಲ ಎಂದಿದ್ದೇನೆ, ಹೊಸದೇನಾದರೂ ಕಲಿಯಬೇಕಿತ್ತು ಎಂದಿದ್ದೇನೆ. ನಿಜವಾದ ಕಾರಣ ಆ ಲೋಕಲ್ ಪ್ರಯಾಣ. ಎಂಎಂಎಯಲ್ಲಿ ಸುತ್ತ ಜಾಲರಿ ಕಟ್ಟಿದ ಕಣದೊಳಗೆ ಗುದ್ದು, ಒದೆತ, ಹಿಡಿತ ಎಲ್ಲ ಉಂಟು. ಅಲ್ಲಿ ನಿಂತು ಹೊಡೆದು ಗೆಲ್ಲಬಹುದು. ಅಪ್ಪ ನೋಡಬಹುದು.

ಮೊದಮೊದಲು ಗೆದ್ದೆ. ಎದುರಿಗಿದ್ದವರನ್ನು ಎತ್ತಿ ಕೆಡವಿ ಮೇಲೆ ಕೂತು ಗೆದ್ದೆ. ಅಪ್ಪ ಆ ವಿಡಿಯೊಗಳನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು, ಸೊಸೈಟಿಗೆ ಬರುವ ಹಾಲಿನವನಿಗೆ, ಡ್ರೈವರ್‌ಗಳಿಗೆ, ಲಿಫ್ಟ್‌ಗೆ ಕಾಯುವ ಸಾಹೇಬರಿಗೆ ತೋರಿಸುತ್ತಿದ್ದ. "ದೇಖೊ ಸಾಬ್, ಮೇರಾ ಲಡ್ಕಾ. ಊಪರ್ ವಾಲಾ." ಮೇಲಿರುವವನು ನನ್ನ ಮಗ, ಎನ್ನುತ್ತಿದ್ದ.

ಆಮೇಲೆ ಒಬ್ಬ ಒಳ್ಳೆಯ ಬಾಕ್ಸರ್ ಎದುರಾದ. ಅವನ ಗುದ್ದಿಗೆ ನನ್ನ ಕಣ್ಣು ಕತ್ತಲಾಯಿತು. ಅಭ್ಯಾಸಬಲದಿಂದ ಹಳೆಯ ಹಾಗೆ ಕೆಳಗೆ ಕೂತುಬಿಟ್ಟೆ. ಅವನು ಬುದ್ಧಿವಂತ, ನನ್ನ ಕಾಲುಗಳ ಹತ್ತಿರವೇ ಬರಲಿಲ್ಲ. ದೂರ ನಿಂತು, ಎದ್ದೇಳು ಎಂದು ಬೆರಳಲ್ಲಿ ಸನ್ನೆ ಮಾಡಿದ. ನಾನು ಕುಂಡೆಯ ಮೇಲೆ ತೆವಳುತ್ತ ಅವನ ಕಡೆ ಹೋದೆ. ಅವನು ಹಿಂದೆ ಸರಿದ. ಜನ ನಗಲು ಶುರು ಮಾಡಿದರು. "ಉಠ್! ಉಠ್!" ಎಂದು ಇಡೀ ಸಭಾಂಗಣ ಕೂಗಿತು. ಅವಮಾನ ತಾಳದೆ ಎದ್ದೆ. ಎದ್ದವನ ಕತ್ತು ಅವನ ಕಂಕುಳಿಗೆ ಸಿಕ್ಕಿತು. ನಾನು ಕೈ ಬಡಿದೆ.

ಮನೆಯಲ್ಲಿ ಅಪ್ಪ ಬಯ್ಯಲಿಲ್ಲ. ಊಟ ಮುಗಿಸಿ ಕೈ ತೊಳೆಯುತ್ತ ಒಂದೇ ಮಾತು ಕೇಳಿದ: "ಜೀವ ಇತ್ತಲ್ಲ ಮೈಯಾಗ, ಕೈ ಯಾಕ ಬಡದಿ?"

ಇದಕ್ಕೂ ಮೊದಲೇ ಮಾಟುಂಗದ ಒಂದು ಕನ್ನಡ ಸಂಘದವರು ನನಗೆ ಸನ್ಮಾನ ಗೊತ್ತು ಮಾಡಿದ್ದರು. ಸೋತ ಮೇಲೆ ಬೇಡ ಎಂದು ಹೇಳುವ ಧೈರ್ಯ ಬರಲಿಲ್ಲ. ಕಣ್ಣಿನ ಕೆಳಗೆ ನೀಲಿ ಬಾವು ಇಟ್ಟುಕೊಂಡೇ ಹೋದೆ. ಪೇಟ ತೊಡಿಸಿದರು, ಶಾಲು ಹೊದಿಸಿದರು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಅಪ್ಪನನ್ನೂ ವೇದಿಕೆಗೆ ಕರೆದು ಪಕ್ಕದಲ್ಲಿ ಕೂರಿಸಿದರು. ಪರಿಚಯ ಮಾಡಿಕೊಟ್ಟ ಹಿರಿಯರು ಒಳ್ಳೆಯ ಮಾತುಗಾರರು. ಮೈಕಿನಲ್ಲಿ ಕಂಠ ಎತ್ತರಿಸಿ, "ಎಂದೂ ಬೆನ್ನನ್ನು ನೆಲಕ್ಕೆ ತಾಗಿಸದ ಕನ್ನಡದ ಜಟ್ಟಿ ಇವರು!" ಎಂದರು. ಚಪ್ಪಾಳೆ ಬಿತ್ತು. ಅಪ್ಪ ತನ್ನ ಚಪ್ಪಲಿ ನೋಡುತ್ತ ಕೂತಿದ್ದ. ನಾನು ಬುಟ್ಟಿಯಲ್ಲಿದ್ದ ಅನಾನಸಿನ ಮುಳ್ಳು ಒತ್ತುತ್ತ ಕೂತಿದ್ದೆ. ಕೆಳಗೆ ಇಳಿದಾಗ ಒಬ್ಬ ಕಾಲೇಜು ಹುಡುಗಿ ಸೆಲ್ಫಿ ತೆಗೆದುಕೊಂಡಳು. "ಲಾಸ್ಟ್ ಫೈಟ್ ನೋಡಿದೆ ಅಂಕಲ್, ಯೂಟ್ಯೂಬಲ್ಲಿ. ಹಾರ್ಡ್ ಲಕ್ ಹಾಂ," ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಪೇಟ ಕಿತ್ತು ಎಲ್ಲಾದರೂ ಎಸೆದುಬಿಡೋಣ ಅನ್ನಿಸಿತು.

ಮುಂದಿನ ಪಂದ್ಯ ಹರಿಯಾಣದ ಒಬ್ಬ ಹುಡುಗನ ಜೊತೆ. ಅಪ್ಪನೂ ನೋಡಲು ಬಂದಿದ್ದ. ಚೆನ್ನಾಗಿಯೇ ಆಡುತ್ತಿದ್ದೆ. ಎರಡನೇ ಸುತ್ತಿನಲ್ಲಿ ನಾನು ಮೇಲಿದ್ದೆ, ಅವನು ಬೆನ್ನ ಮೇಲೆ ಮಲಗಿದ್ದ. ಕೆಳಗಿನಿಂದಲೇ ಅವನು ನನ್ನ ಬಲಗೈ ಎಳೆದು, ಎರಡು ಕಾಲುಗಳ ನಡುವೆ ಸಿಕ್ಕಿಸಿ, ಮೊಣಕೈಯನ್ನು ಉಲ್ಟಾ ಬಗ್ಗಿಸತೊಡಗಿದ. ಈ ಹಿಡಿತವನ್ನು ನಾನು ಎಷ್ಟೋ ಜನಕ್ಕೆ ಕಲಿಸಿದ್ದೆ. ಇದರಿಂದ ಯಾವಾಗ ತಪ್ಪಿಸಿಕೊಳ್ಳಬಹುದು, ಯಾವಾಗ ಆಗುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಆಗುವುದಿಲ್ಲ ಎಂದು ಗೊತ್ತಾಯಿತು. ಎಡಗೈ ಖಾಲಿ ಇತ್ತು. ಅವನ ಮೈ ಅಂಗೈಗೆ ಎಟುಕುವಷ್ಟೇ ದೂರ ಇತ್ತು. ಒಂದು ಸಲ ಬಡಿದಿದ್ದರೆ ಸಾಕಿತ್ತು.

ನಾನು ಬಡಿಯಲಿಲ್ಲ. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಆಮೇಲೆ ರೆಫರಿ ನಮ್ಮಿಬ್ಬರ ನಡುವೆ ಬಿದ್ದದ್ದು ಗೊತ್ತು.

ಅಪ್ಪ ಏನು ಮಾಡಿದ ಎನ್ನುವುದನ್ನು ಆಸ್ಪತ್ರೆಯಲ್ಲಿ ಕೋಚ್ ಹೇಳಿದ. ಕೈ ಸಿಕ್ಕಿದ ಕೂಡಲೇ ಅಪ್ಪ ಕುರ್ಚಿ ಬಿಟ್ಟೆದ್ದು ಓಡಿಬಂದು, ಅಡ್ಡಗಟ್ಟಿದ್ದ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಬಡಿಯತೊಡಗಿದನಂತೆ. ಕನ್ನಡದಲ್ಲಿ ಏನೋ ಕೂಗುತ್ತಿದ್ದನಂತೆ, ಯಾರಿಗೂ ಅರ್ಥವಾಗಲಿಲ್ಲವಂತೆ. ಏನು ಕೂಗಿದೆ ಎಂದು ನಾನು ಅಪ್ಪನನ್ನೇ ಕೇಳಿದೆ.

"ಬಿಡೋ ತಮ್ಮಾ, ಅಂವ ಬಡಿಯೂದಿಲ್ಲ, ನೀನ ಬಿಡೋ ಅಂದ್ನಿ," ಎಂದ.

ಮರುದಿನ ಬೆಳಿಗ್ಗೆ ಆ ಹರಿಯಾಣದ ಹುಡುಗ ಬಾಳೆಹಣ್ಣು ಹಿಡಿದುಕೊಂಡು ಬಂದ. ಗೆದ್ದವನ ಮುಖ ಹಾಗಿರುವುದನ್ನು ನಾನು ನೋಡಿರಲಿಲ್ಲ. ಹಾಸಿಗೆಯ ಪಕ್ಕ ಕೂರದೆ ನಿಂತೇ ಮಾತಾಡಿದ, ಹಿಂದಿಯಲ್ಲಿ. "ಭಾಯಿ, ನಾನು ನಿಧಾನವಾಗಿಯೇ ಎಳೆದೆ. ಈಗ ಬಡೀತೀಯ, ಈಗ ಬಡೀತೀಯ ಅಂತ ಕಾದೆ. ಯಾಕೆ ಬಡೀಲಿಲ್ಲ? ಆ ಸದ್ದು ನನ್ನ ಕಿವಿಯಿಂದ ಹೋಗ್ತಾ ಇಲ್ಲ."

ನಾನು ಗೋಡೆ ಕಡೆ ತಿರುಗಿದೆ. ನನ್ನ ಮಾನ ಉಳಿಸಿಕೊಳ್ಳಲು ಒಬ್ಬ ಒಳ್ಳೆಯ ಹುಡುಗನ ಕೈಯಲ್ಲಿ ಇಂಥ ಕೆಲಸ ಮಾಡಿಸಿದ್ದೆ. ನೆಲದ ಮೇಲೆ ತೆವಳಿದಾಗ, ಪೇಟ ತೊಟ್ಟು ಕೂತಾಗ ಆಗಿದ್ದ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಅಪ್ಪನೇ ಅವನಿಗೆ ಸ್ಟೂಲ್ ಎಳೆದು ಕೊಟ್ಟ. ಇಬ್ಬರ ಕಿವಿಗಳೂ ಒಂದೇ ಥರ ಜಜ್ಜಿ ಮುದುಡಿದ್ದವು. ಅಪ್ಪ ಅವನ ಕಿವಿ ಮುಟ್ಟಿ, "ಕುಸ್ತಿ?" ಎಂದ. "ಹಾಂ ಚಾಚಾ, ಗಾಂವ್ ಕಾ ಅಖಾಡಾ," ಎಂದ ಅವನು. ಆಮೇಲೆ ಇಬ್ಬರೂ ಬಹಳ ಹೊತ್ತು ಅವರವರ ಊರಿನ ಗರಡಿಯ ಮಣ್ಣಿಗೆ ಏನೇನು ಬೆರೆಸುತ್ತಾರೆ ಎಂದು ಮಾತಾಡಿದರು. ಎಣ್ಣೆ, ಅರಿಸಿನ, ಮಜ್ಜಿಗೆ.

ಅವನು ಹೋದ ಮೇಲೆ ಅಪ್ಪನೂ ಅದನ್ನೇ ಕೇಳಿದ. "ಯಾಕ ಬಡೀಲಿಲ್ಲ?"

ನನಗೆ ಸಿಟ್ಟು ಬಂತು. "ಹೋದ ಸಲ ಬಡದಾಗ ನೀ ಏನ್ ಕೇಳಿದಿ, ನೆನಪೈತೇನು?"

ಅಪ್ಪ ಬಾಟಲಿ ತಗೊಂಡು ಹೊರಗೆ ಹೋಗಿ ನೀರು ತುಂಬಿಸಿಕೊಂಡು ಬಂದ. ಮುಚ್ಚಳ ತಿರುಗಿಸುತ್ತ ಹೇಳಿದ: "ನಂದೂ ತಪ್ಪೈತಿ. ಇಲ್ಲ ಅನ್ನೂದಿಲ್ಲ. ಆದ್ರ ಕೈ ನಿಂದಲ್ಲೇನೋ?"

ನಾನು ಎಡಗೈಯಲ್ಲಿ ಬಾಟಲಿ ಇಸಿದುಕೊಂಡೆ.

ಮೂಳೆ ಕೂಡಿತು, ಮೊಣಕೈ ಮಾತ್ರ ಮೊದಲಿನಂತಾಗಲಿಲ್ಲ. ಜಾಲರಿಯ ಕಣಕ್ಕೆ ನಾನು ಮತ್ತೆ ಇಳಿಯಲಿಲ್ಲ. ಈಗ ಅದೇ ಜಿಮ್‌ನಲ್ಲಿ ಸಂಜೆಯ ಬ್ಯಾಚಿಗೆ ಕಲಿಸುತ್ತೇನೆ. ಬ್ಯಾಂಕಿನವರು, ಗೃಹಿಣಿಯರು, ಒಬ್ಬ ದಂತವೈದ್ಯೆ ಬರುತ್ತಾರೆ. ನೀವು ಫೈಟ್ ಮಾಡಿದ್ದೀರಾ ಸರ್ ಎಂದು ಕೇಳಿದರೆ ಸ್ವಲ್ಪ ದಿನ ಎನ್ನುತ್ತೇನೆ.

ಹರಿಯಾಣದ ಹುಡುಗ ಈಗ ಒಳ್ಳೆಯ ಹೆಸರು ಮಾಡಿದ್ದಾನೆ. ಮುಂಬೈಗೆ ಬಂದಾಗಲೆಲ್ಲ ಮೆಸೇಜ್ ಮಾಡುತ್ತಿದ್ದ. ಕ್ಲಾಸ್ ಇದೆ, ಊರಲ್ಲಿಲ್ಲ ಎಂದು ನಾನು ಏನೇನೋ ನೆವ ಹೇಳುತ್ತಿದ್ದೆ. ಕೊನೆಗೆ ಹೋದ ಚಳಿಗಾಲದಲ್ಲಿ ಅಪ್ಪನೇ ಅವನಿಗೆ ಫೋನ್ ಮಾಡಿ ಊಟಕ್ಕೆ ಕರೆದ. ಅವ್ವ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಮೂವರೂ ಸಾಲಾಗಿ ಕೂತೆವು. ಅವನು ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ನಗುತ್ತ ಅಪ್ಪನ ಹತ್ತಿರ ಏನೋ ಹೇಳುತ್ತಿದ್ದ.

ನನ್ನ ಬಲಗೈ ಈಗ ಪೂರ್ತಿ ಮಡಚುವುದಿಲ್ಲ. ತುತ್ತು ಬಾಯಿಗೆ ಬರುವುದಿಲ್ಲ, ಬಾಯಿಯೇ ತುತ್ತಿನ ಕಡೆ ಬಗ್ಗಬೇಕು. ಮನೆಯಲ್ಲಿ ಎಲ್ಲರಿಗೂ ಅದು ರೂಢಿಯಾಗಿದೆ. ನಾನು ಮರೆತು ಬಗ್ಗಿದೆ. ತಲೆ ಎತ್ತಿದಾಗ ಅವನು ಮಾತು ನಿಲ್ಲಿಸಿದ್ದ. ನನ್ನನ್ನು ನೋಡುತ್ತಿರಲಿಲ್ಲ, ತನ್ನ ತಟ್ಟೆ ನೋಡುತ್ತಿದ್ದ.

"ಅವ್ವಾ, ಅವಗ ಇನ್ನೊಂದ ರೊಟ್ಟಿ ಹಾಕು," ಎಂದೆ.